ಬುಟ್ಟಿ ಆಟದ ಸಿನಿಮಾಗಳೂ ನಮ್ಮ ಮನೆಯ ಬಾಗಿಲೂ

ಬಳ್ಳಾರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಸಿನಿಮಾಗಳ ವಿಷಯದಲ್ಲಿ ಕೊನೆಯ ಮಾತು ಯಾರದು ಎಂದು ನೀವು ಕೇಳಿದರೆ, ನಾನು ಹಿಂದೆ ಮುಂದೆ ನೋಡದೆ ಒಬ್ಬರ ಹೆಸರು ಹೇಳಿಬಿಡುತ್ತೇನೆ. ಅವರು ನಮ್ಮತ್ತೆ. ಹೆಸರು ಹೇಳುತ್ತೇನೆಂದು ಬರೀ ಅತ್ತೆ ಎಂದಳಲ್ಲ ಅನ್ನಬೇಡಿ. ಅತ್ತೆಯ ಹೆಸರನ್ನು ಅಚ್ಚು ಹಾಕಿಸಿ, ಮತ್ತೆ ಅದೇ ಮನೆಯಲ್ಲಿ ಕುಳಿತು ರೊಟ್ಟಿ ಬಡಿಯುವಷ್ಟು ಧೈರ್ಯವನ್ನು ಶಿವ ನನಗೆ ಕೊಟ್ಟಿಲ್ಲ. ಕೊಡದೇ ಇದ್ದದ್ದೂ ಒಂದು ಕೃಪೆಯೇ ಅನ್ನಿ!

ಈ ಅತ್ತೆ ಬ್ಯಾಸ್ಕೆಟ್‌ಬಾಲ್ ಆಡಿದವರೆ? ಶಿವ ಶಿವ! ಆ ಚೆಂಡನ್ನು ಕೈಯಿಂದ ಮುಟ್ಟಿದವರೂ ಅಲ್ಲ. ಹೋಗಲಿ, ಇಂಗ್ಲಿಷ್ ಬರುತ್ತದೆಯೆ? "ಸ್ಟಾಪ್" ಅನ್ನುವುದು ಬರುತ್ತದೆ, ಅದೂ ಸಿರುಗುಪ್ಪದ ಬಸ್ಸಿನ ದೆಸೆಯಿಂದ. ಆದರೂ ನಮ್ಮ ಕೌಲ್ ಬಜಾರಿನ ಓಣಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ, "ಒಂದು ಚೊಲೋ ಬುಟ್ಟಿ ಆಟದ ಸಿನಿಮಾ ಇದ್ರ ಹೇಳ್ರಿ ಅವ್ವಾರ" ಎಂದು ನಮ್ಮ ಬಾಗಿಲಿಗೆ ಬರುತ್ತಾರೆ. ಅತ್ತೆ ಜೋಳ ಹಸನು ಮಾಡುತ್ತಲೇ, ತಲೆ ಎತ್ತದೆ, ಯಾವುದು ನೋಡಬೇಕು, ಯಾವುದು ಬಿಡಬೇಕು ಎಂದು ಅಪ್ಪಣೆ ಕೊಡಿಸುತ್ತಾರೆ.

ಇದೆಲ್ಲ ಶುರುವಾದದ್ದು ನನ್ನ ಮಗಳ ಬೆನ್ನಿನಿಂದ.

ಮಗಳು ಎಂಟನೆಯ ತರಗತಿ. ಎತ್ತರ ಅಜ್ಜಿಯದು. ನನ್ನ ಗಂಡ ಸಾಧಾರಣ ಆಳು. ಎತ್ತರವೆಂಬುದು ಅವರ ತಲೆಯ ಮೇಲೆ ಹಾರಿ ಹೋಗಿ ನೇರ ಮೊಮ್ಮಗಳ ಮೇಲೆ ಇಳಿಯಿತು. ಹೋದ ಬೇಸಿಗೆ ರಜೆಯಲ್ಲಿ ಹುಡುಗಿ ಹೇಗೆ ಬೆಳೆದಳೆಂದರೆ, ಶಾಲೆ ಶುರುವಾದಾಗ ಗೆಳತಿಯರೆಲ್ಲ ಇವಳ ಭುಜದ ಹತ್ತಿರ ಉಳಿದುಬಿಟ್ಟಿದ್ದರು. ಕೂಡಲೇ ಹೆಸರೂ ಬಿತ್ತು: ಟವರ್. "ಏ ಟವರ್, ಈ ಕಡಿ ಬಾರಲೇ, ನೆಟ್‌ವರ್ಕ್ ಸಿಗವಲ್ದು!" ಅಷ್ಟೇ ಸಾಕಾಯಿತು. ಹುಡುಗಿ ಬಾಗತೊಡಗಿದಳು. ಕಿವಿಯೋಲೆ ಕಳೆದುಕೊಂಡವರು ನೆಲ ನೋಡುತ್ತ ನಡೆಯುತ್ತಾರಲ್ಲ, ಹಾಗೆ. ಅವಳಿಗೆ ಒಳ್ಳೆಯ ಕಂಠವಿದೆ, ಅದು ದೇವರ ದಯೆ. ದಿನಾ ಬೆಳಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಹೇಳುತ್ತಿದ್ದವಳೇ ಅವಳು. ಈ ವರ್ಷ ಒಲ್ಲೆ ಎಂದಳು. ಮುಂದೆ ನಿಂತರೆ ಎಲ್ಲರಿಗೂ ಕಾಣುತ್ತೇನೆ, ಮೈಕು ಬೇರೆ ನನ್ನ ಗದ್ದಕ್ಕೂ ಬರುವುದಿಲ್ಲ ಎಂದು ಅತ್ತಳು.

ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬೆನ್ನು ಸವರಿ, ಫೋಟೊ ತೆಗೆಸಿ, "ಎಲುಬಿಗೇನೂ ಆಗಿಲ್ಲರೀ. ಆದ್ರ ಹಿಂಗ ರೂಢಿ ಬಿದ್ರ ಆಮ್ಯಾಲೆ ಎಲುಬೂ ಹಂಗ ಕುಂದರತೈತಿ. ಈಗ ನೆಟ್ಟಗ ನಿಂದ್ರಬೇಕು, ಅಷ್ಟ" ಎಂದರು. ಅಷ್ಟೇ! ಅದಕ್ಕೆ ಗುಳಿಗೆ ಎಲ್ಲಿ ಸಿಗುತ್ತದೆ?

ಅದೇ ವಾರ ಶಾಲೆಯ ಪಿ.ಟಿ. ಮೇಡಂ ನನ್ನನ್ನೂ ಅತ್ತೆಯನ್ನೂ ಕೂಡಿಸಿಕೊಂಡು, "ಇಂಥಾ ಎತ್ತರ ದೇವ್ರು ಎಲ್ಲರಿಗೂ ಕೊಡಂಗಿಲ್ಲರಿ. ಬ್ಯಾಸ್ಕೆಟ್‌ಬಾಲ್‌ನ್ಯಾಗ ಇಂಥವ್ರನ್ನ ಹುಡುಕ್ಯಾಡಿ ಕರಕೊಂಡು ಹೋಗ್ತಾರ" ಎಂದರು. ಮಗಳು ಆಟವನ್ನೂ ಒಲ್ಲೆ ಎಂದಳು. ಅತ್ತೆ ಮಾತ್ರ ಆಟೋ ಅರ್ಧ ದಾರಿಗೆ ಬಂದಾಗ ನನ್ನ ಮೊಣಕೈ ತಿವಿದರು.

"ಹುಡುಕ್ಯಾಡಿ ಕರಕೊಂಡು ಹೋಗ್ತಾರಂತ?"

"ಹೌದ್ರಿ ಅತ್ತಿ."

"ಉದ್ದ ಇದ್ದೋರ್ನ?"

"ಹೌದ್ರಿ."

"ನಮ್ಮ ಕಡಿ ಉದ್ದ ಇದ್ದೋರ್ನ ಅಟ್ಟದ ಮ್ಯಾಗಿನ ಡಬ್ಬಿ ಇಳಸಾಕಷ್ಟ ಕರೀತಾರವ್ವಾ" ಎಂದು ಅತ್ತೆ ಹೊರಗೆ ನೋಡಿದರು. ಸಂಜೆ ದೀಪ ಹಚ್ಚಿ ಬಂದವರೇ ಮೊಮ್ಮಗಳಿಗೆ, "ಆ ಬುಟ್ಟಿ ಆಟದ್ದು ಏನರ ಸಿನಿಮಾ ಐತೇನು ನೋಡು. ನಾನು ನೋಡತೀನಿ" ಎಂದರು.

ಇಲ್ಲಿ ಅತ್ತೆಯ ಎತ್ತರದ ಬಗ್ಗೆ ಒಂದು ಮಾತು ಹೇಳಬೇಕು. ಅದು ಎಷ್ಟು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಅವರು ಪೂರ್ತಿ ಎದ್ದು ನಿಂತದ್ದನ್ನು ನಾವ್ಯಾರೂ ನೋಡಿಲ್ಲ! ನಾನು ಕುರುಗೋಡಿನಿಂದ ಈ ಮನೆಗೆ ಸೊಸೆಯಾಗಿ ಬಂದಾಗಲೇ ಅವರು ಹೆಗಲು ಮುಂದೆ ತಂದು, ಕತ್ತು ಬಗ್ಗಿಸಿ ನಡೆಯುತ್ತಿದ್ದರು. ಹಾಗೆ ಬಗ್ಗಿಯೂ ನನಗಿಂತ ಎತ್ತರ! ತೀರಿಹೋದ ನಮ್ಮ ಮಾವನವರು ಗಿಡ್ಡ ಆಳು. ಇಬ್ಬರ ಮದುವೆಯ ಫೋಟೊ ಪಡಸಾಲೆಯಲ್ಲಿದೆ. ಅದರಲ್ಲಿ ಮಾವ ನಿಂತಿದ್ದಾರೆ, ಅತ್ತೆ ಕುರ್ಚಿಯಲ್ಲಿ ಕುಳಿತಿದ್ದಾರೆ. ಫೋಟೊ ತೆಗೆಯುವವನು ಜಾಣ.

ಸಿನಿಮಾಗಳೇನೋ ಸಿಕ್ಕವು. ಅಮೆರಿಕದವು, ಆದರೆ ಮಾತೆಲ್ಲ ತೆಲುಗಿನಲ್ಲಿ. ನಮಗೇನು ಕಷ್ಟ? ಬಳ್ಳಾರಿಯಲ್ಲಿ ತೆಲುಗು ಬಾರದವರು ಯಾರು ಹೇಳಿ! ಅತ್ತೆ ಮೀಸಲು ವಿಭೂತಿ ತಂದು ಮೊದಲು ತಮ್ಮ ಹಣೆಗೆ, ಆಮೇಲೆ ಮೊಮ್ಮಗಳ ಹಣೆಗೆ, ಉಳಿದದ್ದನ್ನು ರಿಮೋಟಿಗೆ ಹಚ್ಚಿ ಕುಳಿತರು. ಪರದೆಯ ಮೇಲೆ ಮಾಡು ಮುಟ್ಟುವಂಥ ಹುಡುಗನೊಬ್ಬ ಓಡಿ ಬಂದು, "ಒರೇಯ್, ಬಂತಿ ನಾಕಿವ್ವರಾ!" ಎಂದು, ಅಂದರೆ ಚೆಂಡು ನನಗೆ ಕೊಡೋ ಎಂದು, ಕೂಗಿದ. ಅತ್ತೆ ತಟ್ಟನೆ ನನ್ನ ಕಡೆ ತಿರುಗಿದರು.

"ಇವ್ರು ಆದೋನಿ ಕಡ್ಯಾರಲ್ಲೇನು?"

"ಅಮೆರಿಕಾದವ್ರಜ್ಜಿ" ಎಂದಳು ಮಗಳು.

"ಇದ್ದಾರು. ದುಡ್ಯಾಕ ಹೋಗಿರತಾರ. ಮಾತು ಮಾತ್ರ ಆದೋನೀದು."

ಇವತ್ತಿಗೂ ನಮ್ಮ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಂಧ್ರದ ಗಡಿಯ ಆದೋನಿಯವರ ಆಟ.

ಪಕ್ಕದ ಮನೆಯ ಖಾಲಾ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಜೊತೆಗೆ ಕೂಡಲಾರಂಭಿಸಿದರು. ಖಾಲಾ ಎಂದರೆ ಅತ್ತೆಯ ಗೆಳತಿ. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಂದಿರಾಗಿ ಬಂದವರು. ಅವರು ಅತ್ತೆಯ ಸೊಂಟದಷ್ಟೇ ಎತ್ತರ ಎಂದರೆ ಸ್ವಲ್ಪ ಜಾಸ್ತಿ ಆದೀತು, ಆದರೆ ಸ್ವಲ್ಪವೇ. ಮೊದಲ ದಿನ ಆಟ ನೋಡಿದ ಖಾಲಾ ಗಾಬರಿಯಾದರು.

"ಅಕ್ಕಾ, ಆ ಬುಟ್ಟಿಗೆ ತಳ ಹರದೈತಿ. ಹಾಕಿದ್ದೆಲ್ಲ ಬೀಳಾಕತ್ತೈತಿ. ಇಷ್ಟ್ ಮಂದಿ ಅದಾರ, ಒಬ್ಬರರ ಹೊಲಿಬಾರ್ದೇನು?"

"ಗಂಡಸರ ಮನಿ ಇದ್ದಂಗೈತಿ ಅದು. ಯಾರು ಹೊಲೀತಾರ?" ಎಂದರು ಅತ್ತೆ.

ಇನ್ನು ಫೌಲ್ ಪ್ರಸಂಗ. ಆಟದಲ್ಲಿ ಒಬ್ಬ ಇನ್ನೊಬ್ಬನನ್ನು ತಳ್ಳಿದರೆ ಸೀಟಿ ಊದುವವನು ಮುಷ್ಟಿ ಕಟ್ಟಿ ಕೈ ಮೇಲೆತ್ತಿ "ಫೌಲ್" ಎನ್ನುತ್ತಾನಲ್ಲ, ಅದು ಅತ್ತೆಯ ಕಿವಿಗೆ ಬಿದ್ದದ್ದು ಬೇರೆಯೇ.

"ಕೇಳಿದ್ರ್ಯಾ! ನಮ್ಮ ಓಣಿ ಹೆಸರು ತೊಗೊಂಡ! ಕೌಲ್ ಅಂದ!"

"ಕೌಲ್ ಅಲ್ಲಜ್ಜಿ, ಫೌಲ್. ಫೌಲ್ ಅಂದ್ರ ತಪ್ಪು."

"ನನಗ ಹೇಳತೀಯೇನು? ಇಲ್ಲಿ ಸಂತಿ ದಿನ ಹೊರಗ ಹೊಂಟ್ರ ಹಿಂದಿನವ ತಳ್ಳತಾನ, ಮುಂದಿನವ ಕಾಲು ತುಳೀತಾನ, ಆಟೋದವ ಮೈಮ್ಯಾಲೆ ಬರ್ತಾನ. ಅಲ್ಲೂ ಹಂಗ ತಳ್ಳಾಡಿದ್ರ 'ಕೌಲ್' ಅಂತಾರ. ಸರಿಯಾಗೇ ಅಂತಾರ!"

ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ? ಅಂದಿನಿಂದ ನಮ್ಮಲ್ಲಿ ಯಾರು ಏನು ತಪ್ಪು ಮಾಡಿದರೂ ಅತ್ತೆಯ ಮುಷ್ಟಿ ಮೇಲೇಳುತ್ತದೆ. ಸಾರಿಗೆ ಉಪ್ಪು ಮರೆತರೆ ಕೌಲ್. ನನ್ನ ಗಂಡ ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಎಸೆದರೆ ಕೌಲ್. ತಳ್ಳಿಸಿಕೊಂಡವರಿಗೆ ಆಟದಲ್ಲಿ ಪುಕ್ಕಟೆ ಎಸೆತ ಸಿಗುತ್ತದಂತೆ, ಅದಕ್ಕೆ ಅತ್ತೆಯಿಟ್ಟ ಹೆಸರು "ಬಿಟ್ಟಿ ಚೆಂಡು." ಉಪ್ಪಿಲ್ಲದ ಸಾರಿಗೆ ಪರಿಹಾರವಾಗಿ ಅವರಿಗೆ ಎರಡು ಬಿಟ್ಟಿ ಚಹಾ ಕೊಡಬೇಕು. ಟವೆಲ್ಲಿಗೆ ಪರಿಹಾರವಾಗಿ ನನ್ನ ಗಂಡ ಎರಡು ಸಲ ಮಾರುಕಟ್ಟೆಗೆ ಹೋಗಬೇಕು. ಈ ಕಾನೂನು ಬಂದಮೇಲೆ ನನಗೆ ಎಷ್ಟು ಆರಾಮಾಗಿದೆ ಎಂದು ನಾನು ಹೇಳುವುದಿಲ್ಲ, ದೇವರಿಗೆ ಗೊತ್ತಿದ್ದರೆ ಸಾಕು.

ಈಗ ಸಿನಿಮಾಗಳ ವಿಷಯ. ಆಟ ಬಲ್ಲವರೂ ನೋಡಬೇಕು, ಬಾರದವರೂ ನೋಡಬೇಕು, ಅಂಥವು ಯಾವುವು ಎಂದು ಅತ್ತೆಯನ್ನು ಕೇಳಿದರೆ ಅವರು ಹೆಸರು ಹೇಳುವುದಿಲ್ಲ. ಅವರಿಟ್ಟ ಹೆಸರುಗಳೇ ಬೇರೆ. ಒಂದು "ತೊಳಿಯಾಕಿ ಸಿನಿಮಾ." ಅದರಲ್ಲಿ ತಾಯಿಯೊಬ್ಬಳು ಬಟ್ಟೆ ತೊಳೆಯುವ ಅಂಗಡಿಯಲ್ಲಿ ಕೆಲಸದವಳು. ಮಗನ ತಂಡದ ಬನಿಯನ್ನುಗಳನ್ನೆಲ್ಲ ಅವಳೇ ತೊಳೆಯುತ್ತಾಳೆ, ಆದರೆ ಆಟ ನೋಡಲು ಬಿಡುವೇ ಸಿಗುವುದಿಲ್ಲ. ಕೊನೆಯ ಪಂದ್ಯಕ್ಕೆ ಓಡಿ ಬರುವಷ್ಟರಲ್ಲಿ ಕಸ ಗುಡಿಸುತ್ತಿರುತ್ತಾರೆ. ಮಗ ಅವಳೊಬ್ಬಳಿಗಾಗಿ ಖಾಲಿ ಅಂಗಳದಲ್ಲಿ ಇನ್ನೊಮ್ಮೆ ಚೆಂಡು ಹಾಕಿ ತೋರಿಸುತ್ತಾನೆ. ಆಟದ ಗಂಧವಿಲ್ಲದ ಖಾಲಾ ಸೆರಗು ಒದ್ದೆಯಾಗುವಂತೆ ಅತ್ತರು. ಆಟ ಬಾರದವರು ಇದರಿಂದಲೇ ಶುರುಮಾಡಿ ಎನ್ನುವುದು ಅತ್ತೆಯ ಸಲಹೆ. ಕರವಸ್ತ್ರ ಸಾಲುವುದಿಲ್ಲ, ಟವೆಲ್ಲು ಇಟ್ಟುಕೊಳ್ಳಿ ಎನ್ನುವುದು ನನ್ನದು.

ಇನ್ನೊಂದರಲ್ಲಿ ಶುರುವಿನಿಂದ ಕೊನೆಯವರೆಗೂ ಬರೀ ಪಂದ್ಯ. ಮನೆಯಿಲ್ಲ, ಮಠವಿಲ್ಲ, ಧಬಧಬ ಚೆಂಡು. ನನ್ನ ಗಂಡ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಆಟದ ಹುಚ್ಚಿರುವವರಿಗೆ ಅದು ಹಬ್ಬದೂಟವಂತೆ. ಅತ್ತೆ ನಡುವೆ ಒಂದು ನಿದ್ದೆ ಮುಗಿಸಿ ಎದ್ದು, "ಇದರಾಗ ಅಡಗಿಮನಿನೇ ಇಲ್ಲಲ್ಲೋ! ಇಷ್ಟುದ್ದ ಹುಡುಗ್ರು ಏನು ಉಣ್ತಾವ ಅಂತ ತೋರಸಬಾರ್ದೇನು?" ಎಂದು ಅದನ್ನು ತಳ್ಳಿಹಾಕಿದರು. ಬೇರೊಂದರಲ್ಲಿ ತೋರಿಸಿದ್ದರು, ಎರಡು ಬ್ರೆಡ್ಡಿನ ನಡುವೆ ಒಂದು ಎಲೆ. ಅದನ್ನು ಕಂಡು ಅತ್ತೆಗೆ ರಾತ್ರಿಯ ಊಟ ಸೇರಲಿಲ್ಲ. ಪಾಪ, ಆದೋನಿಯ ಮಕ್ಕಳು!

"ಗಿಡ್ಡಪ್ಪನ ಸಿನಿಮಾ" ಅಂತ ಒಂದು ನಗೆಯ ಚಿತ್ರ. ಕುಳ್ಳ ಹುಡುಗನೊಬ್ಬ ಉದ್ದ ಆಟಗಾರರ ಕಾಲ ಸಂದಿಯಲ್ಲಿ ನುಸುಳಿ ನುಸುಳಿ ಗೆಲ್ಲುತ್ತಾನೆ. ಮಕ್ಕಳೊಂದಿಗೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ಖಾಲಾ ಚಪ್ಪಾಳೆ ತಟ್ಟಿ ನಕ್ಕರು. ಅತ್ತೆಗೆ ಮಾತ್ರ ಸಿಟ್ಟೇ ಸಿಟ್ಟು.

"ಇಡೀ ಜಗತ್ತಿನ್ಯಾಗ ಉದ್ದ ಇದ್ದೋರಿಗೆ ಅಂತ ಒಂದ ಒಂದು ಜಾಗ ಇತ್ತು. ಅಲ್ಲೂ ಗಿಡ್ಡಾತನ್ನ ತಂದು ಕುಂದ್ರಿಸಿದ್ರು!"

"ಅಕ್ಕಾ, ನಮಗೂ ಎಲ್ಲೆರ ಜಾಗ ಬ್ಯಾಡೇನು?" ಎಂದರು ಖಾಲಾ.

"ನಿಮಗೇನವಾ! ಬಸ್ಸಿನ್ಯಾಗ ಜಾಗ, ಫೋಟೊದಾಗ ಮುಂದಿನ ಸಾಲು, ಮನಿ ಬಾಗಲದಾಗೂ ಜಾಗ. ಇನ್ನೆಷ್ಟು ಬೇಕು?"

ಆದರೆ ಅತ್ತೆಯ ಜೀವಕ್ಕೆ ಜೀವವಾದದ್ದು "ಬಸ್ಸಿನ ಸಿನಿಮಾ." ಒಂದು ಸಣ್ಣ ಊರಿನ ತಂಡ ಹಳೇ ಬಸ್ಸಿನಲ್ಲಿ ಊರೂರು ತಿರುಗಿ ಆಡುತ್ತದೆ. ಬಹಳಷ್ಟು ಸಲ ಸೋಲುತ್ತದೆ, ಆಮೇಲೆ ಗೆಲ್ಲುತ್ತದೆ. ಆಟ ಬಲ್ಲವರಿಗೂ ಸೈ, ಬಾರದವರಿಗೂ ಸೈ. ಒಂದೇ ಚಿತ್ರ ನೋಡುವಷ್ಟು ಬಿಡುವಿದ್ದವರು ಇದನ್ನು ನೋಡಬಹುದು. ಕೊನೆಯ ಪಂದ್ಯದಲ್ಲಿ ಎಲ್ಲರ ಉಸಿರು ನಿಂತಿರುವಾಗ ನಮ್ಮ ಅತ್ತೆ ಏನು ಮಾಡುತ್ತಿದ್ದರು ಗೊತ್ತೆ? "ಏ, ಹಿಂದಕ್ಕ ತೊಗೋ! ಬಸ್ಸು ಇಳಿಯೋದು ಇನ್ನೊಮ್ಮಿ ತೋರ್ಸು!" ಪಂದ್ಯವಲ್ಲ, ಬಸ್ಸು ಇಳಿಯುವುದು! ಆ ಹುಡುಗರು ಒಬ್ಬೊಬ್ಬರಾಗಿ ಬಾಗಿಲಲ್ಲಿ ತಲೆ ತಗ್ಗಿಸಿ ಇಳಿಯುತ್ತಾರೆ. ಅತ್ತೆ ಅದನ್ನು ಎಷ್ಟು ಸಲ ನೋಡಿದರೋ, ರಿಮೋಟಿನ ಹಿಂದಕ್ಕೆ ಹೋಗುವ ಗುಂಡಿ ಸವೆದೇಹೋಯಿತು. ಬೇರೆ ಚಿತ್ರಗಳಲ್ಲೂ ಅಷ್ಟೆ. ನಾವು ಚೆಂಡು ನೋಡಿದರೆ ಅವರು ಬಾಗಿಲು ನೋಡುತ್ತಿದ್ದರು. ವಯಸ್ಸಾಯಿತು, ಶಿವ ಹೇಗಿಟ್ಟರೆ ಹಾಗೆ ಎಂದುಕೊಂಡು ನಾನು ಹಿಟ್ಟು ನಾದಲು ಹೋಗುತ್ತಿದ್ದೆ. ಮಗಳು ಅಜ್ಜಿಗಾಗಿ ರಿಮೋಟು ಹಿಡಿದು ಕೂತಿರುತ್ತಿದ್ದಳು, ಬಾಗಿಯೇ.

ಸಿರುಗುಪ್ಪದಲ್ಲಿ ಅತ್ತೆಯ ತಮ್ಮನ ಮೊಮ್ಮಗನ ಮದುವೆ ಬಂತು. ಊಟದ ಬಾಗಿಲಲ್ಲಿ ನೂಕುನುಗ್ಗಲು. ಒಬ್ಬ ಮೀಸೆಯ ಹಿರಿಯರು ಮಕ್ಕಳನ್ನೆಲ್ಲ ಸರಿಸಿ ನುಗ್ಗಿದ್ದೇ ತಡ, ಅತ್ತೆಯ ಮುಷ್ಟಿ ಮೇಲೆದ್ದಿತು.

"ಕೌಲ್!"

ಹಿರಿಯರು ತಿರುಗಿ ನೋಡಿದರು. ಮುಖ ಅರಳಿತು. ಕೈ ಮುಗಿದರು.

"ಹೌದ್ರಿ ಅವ್ವಾರ, ಕೌಲ್ ಬಜಾರಿನವ್ರ ನಾವು! ನಿಮಗ ಹೆಂಗ ಗುರ್ತು ಹತ್ತಿತ್ರಿ?"

ಅತ್ತೆ ಎತ್ತಿದ ಮುಷ್ಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಅದರಲ್ಲೇ ನಮಸ್ಕಾರ ಮಾಡಿದರು. ಆ ಹಿರಿಯರು ನಮ್ಮನ್ನೆಲ್ಲ ಕೈಹಿಡಿದು ಮೊದಲ ಪಂಕ್ತಿಯಲ್ಲಿ ಕೂಡಿಸಿ, ತಾವೇ ನಿಂತು ಹೋಳಿಗೆಗೆ ತುಪ್ಪ ಹಾಕಿಸಿದರು. ಬಿಟ್ಟಿ ಚೆಂಡು ಎಂದರೆ ಇದೇ ಅಲ್ಲವೆ?

ಊಟವಾದ ಮೇಲೆ ಫೋಟೊಗೆ ನಿಂತೆವು. ಕ್ಯಾಮೆರಾದವನು ಕೈ ಬೀಸಿದ. "ಆ ಉದ್ದನ್ನ ಹುಡುಗಿ ಹಿಂದ ಹೋಗಮ್ಮ. ಇನ್ನೂ ಹಿಂದ. ಸ್ವಲ್ಪ ಬಗ್ಗು, ಮದುಮಗಳ ತಲಿಗಿಂತ ಮ್ಯಾಲೆ ಕಾಣಾಕತ್ತೀ." ಮಗಳು ಬಗ್ಗಿದಳು. ನಾನು ಅತ್ತೆಯ ಕಡೆ ನೋಡಿದೆ, ಈಗ ಮುಷ್ಟಿ ಏಳುತ್ತದೆ ಎಂದು. ಏಳಲಿಲ್ಲ. ಆ ಫೋಟೊ ಈಗ ಮನೆಗೆ ಬಂದಿದೆ. ಹಿಂದಿನ ಸಾಲಿನ ತುದಿಯಲ್ಲಿ ಅಜ್ಜಿ, ಮೊಮ್ಮಗಳು. ಇಬ್ಬರೂ ಒಂದೇ ಅಳತೆಗೆ ಬಾಗಿದ್ದಾರೆ.

ಶ್ರಾವಣದ ಸೋಮವಾರ ನನ್ನ ತವರು ಕುರುಗೋಡಿಗೆ ಹೋದೆವು, ಬಸವಣ್ಣನ ದರ್ಶನಕ್ಕೆ. ಕುರುಗೋಡಿನ ಬಸವಣ್ಣನನ್ನು ನೋಡಿದವರಿಗೆ ಗೊತ್ತು, ಎಂಥ ದೊಡ್ಡ ನಂದಿ ಮೂರ್ತಿ! ಗುಡಿ ತುಂಬ ಕುಳಿತಿದ್ದಾನೆ. ಚಿಕ್ಕವಳಿದ್ದಾಗ ನಾನು ಅವನ ಮುಂದೆ ನಿಂತು, ಇವನು ಎದ್ದರೆ ಗುಡಿಯ ಗತಿ ಏನು ಎಂದು ಯೋಚಿಸುತ್ತಿದ್ದೆ. ಸಾಲು ಉದ್ದವಿತ್ತು. ಹಿಂದೆ ನಿಂತ ಹೆಂಗಸೊಬ್ಬಳು ಮಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಪ್ರೀತಿಯಿಂದಲೇ, "ಯವ್ವಾ, ಎಷ್ಟುದ್ದ ಬೆಳದಿಯಬೇ! ಇನ್ನ ಸಾಕು ಮಾಡವ್ವಾ, ವರ ಸಿಗಂಗಿಲ್ಲ" ಎಂದಳು. ಹುಡುಗಿಯ ಕತ್ತು ಇನ್ನೂ ಒಳಗೆ ಹೋಯಿತು. ಕಣ್ಣಲ್ಲಿ ನೀರು.

ಅತ್ತೆ ಮೊಮ್ಮಗಳ ಗದ್ದ ಹಿಡಿದು ಎತ್ತಿದರು.

"ಲೇ, ಆತನ್ನ ನೋಡು. ಎಷ್ಟು ದೊಡ್ಡಾತ ಅದಾನ. ಗುಡಿ ಸಣ್ಣದು ಅಂತ ಬಗ್ಗ್ಯಾನೇನು? ಕುಂತಾನ. ಕುಂದ್ರೋದು ಬ್ಯಾರೆ, ಬಗ್ಗೋದು ಬ್ಯಾರೆ. ನೆಟ್ಟಗ ನಿಂದ್ರು."

ಮಗಳು ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಹೆಗಲು ನೋಡಿದಳು.

"ನೀ ಮೊದ್ಲು ನಿಂದ್ರಜ್ಜಿ. ಆಮ್ಯಾಲೆ ನಾನು ನಿಂದ್ರತೀನಿ."

ನಾನು ಬೈಯಲು ಬಾಯಿ ತೆರೆದೆ. ಅತ್ತೆ ಕೈ ಅಡ್ಡ ಹಿಡಿದರು. ಸಾಲು ಮುಂದೆ ಸರಿಯಿತು. ಗುಡಿಯ ಅಯ್ಯನವರು ಅತ್ತೆಯ ಹಣೆಗೆ ದಪ್ಪಗೆ ವಿಭೂತಿ ಹಚ್ಚಿದರು.

ಬಳ್ಳಾರಿಯ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ಆಗ ಅತ್ತೆ ಮೆಲ್ಲಗೆ ಶುರುಮಾಡಿದರು.

"ಮದಿವ್ಯಾದ ಹೊಸದಾಗ ನಮ್ಮತ್ತಿ ಹೇಳಿದ್ಲು, ಗಂಡನ ತಲಿ ಮ್ಯಾಲೆ ಹೆಂಡ್ತಿ ತಲಿ ಕಾಣಬಾರ್ದು ಅಂತ. ನಮ್ಮನಿ ಬಾಗ್ಲಾ ಬ್ಯಾರೆ ಗಿಡ್ಡ. ಬಗ್ಗಿ ಒಳಗ ಬಂದೆ. ಬಂದಾಕಿ, ಏಳಾದು ಮರತುಬಿಟ್ಟೆ."

"ಮಾವನೋರು ಏನೂ ಅನ್ನಲಿಲ್ಲೇನ್ರಿ?"

"ಒಳ್ಳೇ ಮನಷ್ಯಾ. ಒಂದು ದಿನಾನೂ ಬಗ್ಗು ಅನ್ನಲಿಲ್ಲ." ಅತ್ತೆ ಕಿಟಕಿಯಾಚೆಯ ಗುಡ್ಡಗಳನ್ನು ನೋಡಿದರು. "ನೆಟ್ಟಗ ನಿಂದ್ರು ಅಂತಾನೂ ಅನ್ನಲಿಲ್ಲ. ಅನ್ನಬಹುದಿತ್ತು."

ಆಮೇಲೆ ನನ್ನ ಕಡೆ ತಿರುಗಿದರು. "ಆ ಸಿನಿಮಾದ ಹುಡುಗ್ರನ್ನ ನೋಡೀಯಿಲ್ಲ? ಬಸ್ಸಿನ ಬಾಗಲದಾಗ ಬಗ್ಗತಾರ. ಎಲ್ಲಾರೂ ಬಗ್ಗಬೇಕವ್ವಾ, ಬಾಗಲಕ್ಕ ಬಗ್ಗದ ಹೆಂಗಾದೀತು? ಆದ್ರ ಇಳದ ಕೂಡ್ಲೆ ಏಳ್ತಾರ. ನಾನು ಅದನ್ನ ನೋಡತಿದ್ದೆ. ಹೆಂಗ ಏಳ್ತಾರ ಅಂತ."

ರಿಮೋಟಿನ ಗುಂಡಿ ಯಾಕೆ ಸವೆದಿತ್ತೆಂದು ನನಗೆ ಅಂದು ತಿಳಿಯಿತು.

ಓಣಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಖಾಲಾ ತಮ್ಮ ಕಟ್ಟೆಯ ಮೇಲೆ ಕುಳಿತು ಕೊತ್ತಂಬರಿ ಬಿಡಿಸುತ್ತಿದ್ದರು. ನಾನು ಕೀಲಿ ತೆಗೆದು ಒಳಗೆ ಹೋದೆ. ಅತ್ತೆ ಒಳಗೆ ಬರಲಿಲ್ಲ. ಹೊಸ್ತಿಲ ಈಚೆ ಚಪ್ಪಲಿ ಬಿಟ್ಟು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಶಿವಾ" ಎಂದರು. ಮೊದಲು ಸೊಂಟ ಬಂತು, ಆಮೇಲೆ ಬೆನ್ನು, ಆಮೇಲೆ ಒಂದೊಂದಾಗಿ ಹೆಗಲು. ಕೊನೆಗೆ ಕತ್ತು. ಎಲುಬು ಲಟಕ್ಕೆಂದದ್ದು ನನಗೆ ಒಳಗೆ ಕೇಳಿಸಿತು.

ನಾನು ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದೆ. ನನಗೆ ಅತ್ತೆಯ ಮುಖ ಕಾಣಲಿಲ್ಲ! ಸೀರೆ ಕಂಡಿತು, ಕೊರಳ ಲಿಂಗ ಕಂಡಿತು, ಗದ್ದ ಕಂಡಿತು. ಅದರ ಮೇಲಿನದೆಲ್ಲ ಚೌಕಟ್ಟಿನ ಆಚೆ, ಮೇಲೆ, ಎಲ್ಲೋ ಆಕಾಶದಲ್ಲಿತ್ತು. ಅಷ್ಟೆತ್ತರದವರೊಂದಿಗೆ ನಾನು ಇಷ್ಟು ವರ್ಷ ಬಾಳುವೆ ಮಾಡಿದ್ದೆನೆ?

ಅತ್ತೆ ಹಾಗೆಯೇ ಒಂದು ಹೆಜ್ಜೆ ಮುಂದಿಟ್ಟರು. ಟಕ್!

"ಯಾ ಅಲ್ಲಾ!" ಎಂದು ಖಾಲಾ ಕೊತ್ತಂಬರಿ ಚೆಲ್ಲಿ ಎದ್ದರು. "ಅಕ್ಕಾ, ಪೆಟ್ಟಾತೇನು?"

ಅಂಗಳದಲ್ಲಿ ನಿಂತಿದ್ದ ನನ್ನ ಮಗಳ ತುಟಿ ಒಂದು ಸಲ ನಡುಗಿತು. ಅಳುತ್ತಾಳೆ ಅಂದುಕೊಂಡೆ. ಅವಳ ಮುಷ್ಟಿ ಮೇಲೆದ್ದಿತು.

"ಕೌಲ್!"

"ಹೌದು, ಕೌಲ್!" ಹೊರಗಿನಿಂದ, ಎತ್ತರದಿಂದ, ಅತ್ತೆಯ ದನಿ ಬಂತು. "ಆದ್ರ ನಂದಲ್ಲ, ಬಾಗಲದ್ದು! ನನಗ ಎರಡು ಬಿಟ್ಟಿ ಚೆಂಡು ಬರಬೇಕು!"

ಖಾಲಾ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದರು. ಅತ್ತೆ ತಲೆ ತಗ್ಗಿಸಿ ಹೊಸ್ತಿಲು ದಾಟಿದರು. ದಾಟಿ, ಗೋಡೆಗೆ ಕೈಯಾನಿಸಿ, ಮತ್ತೆ ಎದ್ದು ನಿಂತರು. ತಿರುಗಿ ಮೊಮ್ಮಗಳನ್ನು ನೋಡಿದರು. ಹುಡುಗಿ ಹೊಸ್ತಿಲ ಹತ್ತಿರ ಬಂದು ಬಗ್ಗಿದಳು, ದಾಟಿದಳು, ಎದ್ದಳು. ನಮ್ಮ ಪಡಸಾಲೆ ಒಮ್ಮೆಲೇ ಸಣ್ಣದಾಗಿ ಕಂಡಿತು.

ಚೌಕಟ್ಟಿನ ಮೇಲಿನ ಮರಕ್ಕೆ ಅತ್ತೆಯ ಹಣೆಯ ವಿಭೂತಿ ಅಂಟಿಕೊಂಡಿದೆ. ಮೂರು ಬೆರಳಿನ ಪಟ್ಟೆಗಳು, ಸ್ವಲ್ಪ ಕಲಸಿವೆ. ಅಮಾವಾಸ್ಯೆಗೆ ಬಾಗಿಲು ತೊಳೆದು ಅರಿಸಿನ ಹಚ್ಚುವಾಗ ನಾನು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಒರೆಸುತ್ತೇನೆ.

ಮಗಳು ಆಟಕ್ಕೆ ಸೇರಿದಳೆ ಎಂದು ಕೇಳುತ್ತೀರಿ. ಇಲ್ಲ. ಅವಳಿಗೆ ಚೆಂಡು ಕಂಡರೆ ಈಗಲೂ ಭಯ. ಆದರೆ ಒಂದು ದಿನ ರೊಟ್ಟಿ ಮುರಿಯುತ್ತ, ಪಲ್ಯಕ್ಕೆ ಉಪ್ಪು ಕಡಿಮೆ ಎಂದಷ್ಟೇ ಸಹಜವಾಗಿ, "ಮೈಕಿನ ಕಂಬದಾಗ ಒಂದು ತಿರುಪು ಇರತೈತವ್ವಾ. ಅದನ್ನ ಸಡ್ಲ ಮಾಡಿದ್ರ ಎಷ್ಟು ಬೇಕಷ್ಟು ಮ್ಯಾಲೆ ಬರತೈತಿ" ಎಂದಳು. ನಾನು ಒಲೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡೆ. ಹೊಗೆ ಎನ್ನೋಣವೆಂದರೆ ನಮ್ಮದು ಗ್ಯಾಸಿನ ಒಲೆ!

ಅತ್ತೆಯ ಬೆನ್ನು ಮತ್ತೆ ಬಾಗಿದೆ. ಅಷ್ಟು ವರ್ಷದ ರೂಢಿ, ಎಲುಬು ಕುಳಿತುಬಿಟ್ಟಿದೆ. ನೆನಪಾದಾಗ ಮಾತ್ರ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ. ಸಿನಿಮಾ ನೋಡುವುದೂ ಕಡಿಮೆಯಾಗಿದೆ. ಕೇಳಿದವರಿಗೆ ಸಲಹೆ ಕೊಡುತ್ತಾರೆ, ತಾವು ಮಾತ್ರ ಬೆಳಗ್ಗೆ ಶಾಲೆಯ ಹೊತ್ತಿಗೆ ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಕೂಡುತ್ತಾರೆ. ಮುಂದೆ ಚಹಾ ಆರುತ್ತಿರುತ್ತದೆ. ಮೊಮ್ಮಗಳು ಚೀಲ ಹೆಗಲಿಗೇರಿಸಿ, ತಲೆ ತಗ್ಗಿಸಿ ಹೊಸ್ತಿಲು ದಾಟಿ, ಅಂಗಳದಲ್ಲಿ ನೆಟ್ಟಗಾಗುತ್ತಾಳೆ.

"ಏ, ಒಳಗ ಬಾ ಇಲ್ಲಿ!" ಎಂದು ಅತ್ತೆ ಕೂಗುತ್ತಾರೆ.

ಹುಡುಗಿ ಬಗ್ಗಿ ಒಳಗೆ ಬರುತ್ತಾಳೆ. "ಏನಜ್ಜಿ? ಹೊತ್ತಾತು."

"ಏನಿಲ್ಲ. ಹೋಗು."

ಅವಳು ಮತ್ತೆ ಬಗ್ಗಿ ದಾಟುತ್ತಾಳೆ, ಮತ್ತೆ ನೆಟ್ಟಗಾಗುತ್ತಾಳೆ. ಆಮೇಲೆ ಅತ್ತೆ ಚಹಾ ಕುಡಿಯುತ್ತಾರೆ.